ತೆಳು ಎಳೆಯ ಕೂದಲಿಗೆ ಥಿಕನಿಂಗಾ, ವಾಲ್ಯೂಮೈಸಿಂಗಾ? ನಮ್ಮ ಕರಾವಳಿ ಹವೆಗೆ ಯಾವುದು ನಿಲ್ಲುತ್ತದೆ?

ಮಲ್ಪೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನನ್ನ ಕೂದಲಿನ ಎಳೆ ತುಂಬಾ ತೆಳು. ಕೂದಲು ಕಡಿಮೆ ಅಂತ ಅಲ್ಲ, ಜುಟ್ಟು ಕಟ್ಟಿದರೆ ಕೈ ತುಂಬ ಸಿಗುತ್ತದೆ. ಆದರೆ ಒಂದೇ ಎಳೆ ಹಿಡಿದರೆ ಬೆರಳಿಗೆ ಗೊತ್ತೇ ಆಗುವುದಿಲ್ಲ. ತಲೆಗೆ ಮಿಂದು ಒಣಗಿಸಿದಾಗ ಚೆನ್ನಾಗಿ ಉಬ್ಬಿರುತ್ತದೆ, ಬಸ್ ಹತ್ತಿ ಉಡುಪಿ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ನೆತ್ತಿಗೆ ಅಂಟಿ ಕೂತಿರುತ್ತದೆ.

ಅಂಗಡಿಯಲ್ಲಿ ಒಂದು ಬಾಟಲಿ ಮೇಲೆ ಥಿಕನಿಂಗ್ ಅಂತ ಉಂಟು, ಇನ್ನೊಂದರ ಮೇಲೆ ವಾಲ್ಯೂಮೈಸಿಂಗ್ ಅಂತ. ಕೇಳಿದರೆ ಎರಡೂ ಒಂದೇ, ಯಾವುದಾದರೂ ತಗೊಳ್ಳಿ ಅಂದರು. ಹೌದಾ? ಎರಡಕ್ಕೂ ಬೆಲೆ ಜಾಸ್ತಿ, ಅದಕ್ಕೆ ಕೇಳುತ್ತಿದ್ದೇನೆ. ಡಿಸೆಂಬರಿನಲ್ಲಿ ಅಕ್ಕನ ಮದುವೆ ಬೇರೆ ಉಂಟು. ಮಲ್ಲಿಗೆ ಮುಡಿದರೆ ಅರ್ಧ ಗಂಟೆಯಲ್ಲಿ ಜಾರಿ ಕುತ್ತಿಗೆಗೆ ಬರುತ್ತದೆ. ಅದಕ್ಕೂ ಏನಾದರೂ ದಾರಿ ಇದ್ದರೆ ಹೇಳಿ.

ಬಿಜೈ ಪಾರ್ಲರ್ ಅಕ್ಕ

ಒಂದೇ ಅಲ್ಲ ತಂಗಿ, ಎರಡಕ್ಕೂ ಬೇರೆ ಬೇರೆ ಕೆಲಸ.

ವಾಲ್ಯೂಮ್ ಅಂತ ಬರೆದದ್ದು ಬುಡವನ್ನು ನೋಡಿಕೊಳ್ಳುತ್ತದೆ. ನೆತ್ತಿಯ ಜಿಡ್ಡು ತೆಗೆದು, ಎಳೆಯ ಮೇಲೆ ಭಾರ ಏನೂ ಬಿಡದೆ, ಕೂದಲು ಬುಡದಿಂದ ಎದ್ದು ನಿಲ್ಲುವ ಹಾಗೆ ಮಾಡುತ್ತದೆ. ಎಳೆಯ ದಪ್ಪ ಮೊದಲು ಎಷ್ಟಿತ್ತೋ ಅಷ್ಟೇ. ಥಿಕನಿಂಗ್ ಹಾಗಲ್ಲ, ಅದು ಒಂದೊಂದು ಎಳೆಯ ಮೈಗೂ ತೆಳು ಪದರ ಹಚ್ಚುತ್ತದೆ. ಗೋಧಿ, ಅಕ್ಕಿ ಅಥವಾ ಕೆರಾಟಿನ್ ಪ್ರೋಟೀನನ್ನು ಸಣ್ಣದಾಗಿ ಒಡೆದು ಹಾಕಿರುತ್ತಾರೆ, ಜೊತೆಗೆ ಪ್ಯಾಂಥೆನಾಲ್ ಅಂತ ವಿಟಮಿನ್ ಬಿ5ರ ಒಂದು ರೂಪ ಇರುತ್ತದೆ, ಒಣಗಿದ ಮೇಲೆ ಪೊರೆ ಕಟ್ಟುವ ಪಾಲಿಮರ್ ಇರುತ್ತದೆ. ಮುಟ್ಟಿದರೆ ಎಳೆ ದಪ್ಪ ಆದ ಹಾಗೆ ಅನಿಸುತ್ತದೆ. ಮುಂದಿನ ಸಲ ಮಿಂದಾಗ ಅದರಲ್ಲಿ ಹೆಚ್ಚಿನದ್ದು ತೊಳೆದು ಹೋಗುತ್ತದೆ. ಎರಡರಿಂದಲೂ ಹೊಸ ಕೂದಲು ಒಂದೂ ಹುಟ್ಟುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ.

ತಗೊಳ್ಳುವ ಮೊದಲು ನಿಮ್ಮ ತಲೆಯನ್ನು ಒಮ್ಮೆ ಸರಿಯಾಗಿ ನೋಡಿ. ಬಾಚಣಿಗೆಯಲ್ಲಿ ಬಂದ ಒಂದು ಕೂದಲನ್ನು ಬಿಳಿ ಕಾಗದದ ಮೇಲೆ ಹೊಲಿಗೆ ದಾರದ ಪಕ್ಕ ಇಡಿ. ದಾರದಷ್ಟು ದಪ್ಪ ಇದ್ದರೆ ಅದು ಒರಟು ಕೂದಲು. ಕಣ್ಣಿಗೆ ಕಂಡೂ ಕಾಣದ ಹಾಗಿದ್ದರೆ ತೆಳು ಎಳೆ. ಆಮೇಲೆ ಬೆಳಕಿಗೆ ನಿಂತು ಬೈತಲೆ ತೆಗೆದು ನೋಡಿ. ಗೆರೆ ಕಿರಿದಾಗಿದ್ದು ಅಕ್ಕಪಕ್ಕದ ಚರ್ಮ ಕಾಣದಿದ್ದರೆ ಕೂದಲಿನ ಸಂಖ್ಯೆ ಚೆನ್ನಾಗಿ ಉಂಟು ಅಂತ ಲೆಕ್ಕ. ನೀವು ಹೇಳಿದ್ದು ನೋಡಿದರೆ ನಿಮಗೆ ಎಳೆ ತೆಳು, ಸಂಖ್ಯೆ ಧಾರಾಳ. ನಿಮಗೆ ಬೇಕಾದ್ದು ಹಗುರವಾದ ವಾಲ್ಯೂಮೈಸಿಂಗ್ ಶಾಂಪೂ. ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ, ನೆತ್ತಿಗೆ ಬೇಡವೇ ಬೇಡ.

ಮಣಿಪಾಲ ಕೆಮಿಸ್ಟ್ರಿ

ಅಕ್ಕ ಹೇಳಿದ್ದು ಸರಿ. ಬಸ್ ಇಳಿಯುವಾಗ ಕೂದಲು ಯಾಕೆ ಕೂತಿರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಊರಿನಲ್ಲಿ ಅರ್ಧ ಉತ್ತರ ಅದರಲ್ಲೇ ಉಂಟು.

ಕೂದಲಿನ ಒಳಗಿನ ಪ್ರೋಟೀನ್ ಸರಪಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧ ಅಂತ ಒಂದು ಬಗೆ. ನೀರು ತಾಗಿದರೆ ಅದು ಬಿಡುತ್ತದೆ, ಒಣಗುವಾಗ ಮತ್ತೆ ಕಟ್ಟಿಕೊಳ್ಳುತ್ತದೆ. ಕೂದಲು ಒಣಗುವಾಗ ಯಾವ ಆಕಾರದಲ್ಲಿ ಇತ್ತೋ ಅದೇ ಆಕಾರ ನಿಲ್ಲುತ್ತದೆ. ಡ್ರೈಯರ್ ಹಿಡಿದು ಬುಡ ಎತ್ತಿದರೆ ಉಬ್ಬುವುದು ಇದರಿಂದಲೇ. ಆದರೆ ಗಾಳಿಯಲ್ಲಿನ ತೇವವೂ ನೀರೇ ಅಲ್ವಾ? ಜುಲೈಯಲ್ಲಿ ಮಂಗಳೂರು, ಉಡುಪಿಯಲ್ಲಿ ತೇವಾಂಶ ಶೇಕಡ 85 ದಾಟುವುದು ಮಾಮೂಲು. ಕೂದಲು ಆ ತೇವ ಹೀರಿಕೊಂಡ ಹಾಗೆ ಬಂಧಗಳು ಸಡಿಲ ಆಗುತ್ತವೆ, ಎತ್ತಿದ್ದು ಇಳಿಯುತ್ತದೆ. ಪೂರ್ತಿ ನೆನೆದ ಎಳೆ ಅಡ್ಡಕ್ಕೆ ಸುಮಾರು ಶೇಕಡ 15ರಷ್ಟು ಊದುತ್ತದೆ, ಅಷ್ಟು ನೀರು ಕುಡಿಯುವ ವಸ್ತು ಅದು.

ಇನ್ನೊಂದು ವಿಷಯ ದಪ್ಪದ್ದು. ಮನುಷ್ಯರ ತಲೆಕೂದಲು ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್ ದಪ್ಪ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಒಂದು ಎಳೆ ಬಾಗದೆ ನಿಲ್ಲುವ ಬಲ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 100 ಮೈಕ್ರಾನಿನ ಎಳೆಗೆ ಇರುವ ಬಲದಲ್ಲಿ 50 ಮೈಕ್ರಾನಿನ ಎಳೆಗೆ ಸಿಗುವುದು 16ರಲ್ಲಿ ಒಂದು ಪಾಲು ಮಾತ್ರ. ಅದಕ್ಕೇ ತೆಳು ಎಳೆಗೆ ಒಂದು ಹನಿ ಎಣ್ಣೆಯೂ ಭಾರ. ಥಿಕನಿಂಗ್ ಪದರ ಒಂದಿಷ್ಟೇ ದಪ್ಪ ಕೊಟ್ಟರೂ ಕೈಗೆ ವ್ಯತ್ಯಾಸ ಗೊತ್ತಾಗುವುದು ಇದೇ ಕಾರಣಕ್ಕೆ. ಹಾಗಾಗಿ ನಾನಾಗಿದ್ದರೆ ನಮ್ಮ ಹವೆಗೆ ಥಿಕನಿಂಗ್ ಕಡೆಗೆ ಸ್ವಲ್ಪ ವಾಲುತ್ತಿದ್ದೆ.

ಬಿಜೈ ಪಾರ್ಲರ್ ಅಕ್ಕ

ಇಲ್ಲಿ ನನ್ನದು ಬೇರೆ ಅಭಿಪ್ರಾಯ. ಲೆಕ್ಕ ಸರಿ ಇರಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಕುರ್ಚಿಯಲ್ಲಿ ಕೂರುವ ತಲೆಗಳನ್ನು ನೀವೂ ನೋಡಬೇಕು. ಥಿಕನಿಂಗ್ ಸ್ಪ್ರೇ, ಲೋಷನ್‌ಗಳಲ್ಲಿ ಎಷ್ಟೋ ಸಲ ಗ್ಲಿಸರಿನ್, ಪ್ಯಾಂಥೆನಾಲ್ ಜಾಸ್ತಿ ಇರುತ್ತದೆ. ಎರಡೂ ಗಾಳಿಯಿಂದ ತೇವ ಎಳೆದುಕೊಳ್ಳುವ ವಸ್ತುಗಳೇ. ತೇವ ಕಡಿಮೆ ಇರುವ ಊರಿನಲ್ಲಿ ಅದರಿಂದ ಕೂದಲು ಇಷ್ಟು ಅಂಟಾಗುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಕೂದಲು ಅಂಟಂಟಾಗಿ ಗೊಂಚಲು ಕಟ್ಟುತ್ತದೆ, ಗೊಂಚಲು ಕಟ್ಟಿದರೆ ನಡುವೆ ನೆತ್ತಿ ಕಾಣುತ್ತದೆ, ತೆಳು ಕೂದಲಿನವರಿಗೆ ಅದಕ್ಕಿಂತ ಬೇಸರದ್ದು ಇನ್ನೇನು ಉಂಟು ಹೇಳಿ.

ಪ್ರೋಟೀನಿನದ್ದೂ ಹಾಗೆಯೇ. ಪ್ರತಿ ಸಲವೂ ಪ್ರೋಟೀನ್ ಹಾಕಿದರೆ ಎಳೆ ಗಡುಸಾಗಿ ಹುಲ್ಲಿನ ಹಾಗೆ ಆಗುತ್ತದೆ, ಬಾಚುವಾಗ ತುಂಡಾಗುತ್ತದೆ.

ನನ್ನ ಲೆಕ್ಕ ಇಷ್ಟು. ಶಾಂಪೂ ವರ್ಷಪೂರ್ತಿ ಹಗುರದ್ದು, ವಾಲ್ಯೂಮ್ ಕಡೆಯದ್ದು. ಥಿಕನಿಂಗ್ ಲೋಷನ್ ಮಳೆ ಹೋದ ಮೇಲೆ, ಹೆಚ್ಚೆಂದರೆ ನವೆಂಬರ್‌ನಿಂದ ಫೆಬ್ರವರಿ ತನಕ, ಅದೂ ಎಲ್ಲಾದರೂ ಹೋಗುವ ದಿನ.

ಮಣಿಪಾಲ ಕೆಮಿಸ್ಟ್ರಿ

ಗ್ಲಿಸರಿನ್ ವಿಷಯ ಒಪ್ಪಿದೆ. ಪಾಲಿಮರ್‌ಗಳಲ್ಲೂ ಎಲ್ಲವೂ ಒಂದೇ ಥರ ಅಲ್ಲ. ಪಿವಿಪಿ ಅನ್ನುವುದು ತೇವ ಹೀರಿ ಅಂಟಾಗುತ್ತದೆ. ವಿಪಿ ವಿಎ ಕೋಪಾಲಿಮರ್ ತೇವಕ್ಕೆ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಬಾಟಲಿ ಹಿಂದೆ ಬರೆದ ಪಟ್ಟಿಯಲ್ಲಿ ಜಾಸ್ತಿ ಇರುವ ವಸ್ತು ಮೊದಲು ಬರುತ್ತದೆ. ನೀರಾದ ಕೂಡಲೇ ಗ್ಲಿಸರಿನ್ ಕಂಡರೆ ಮಳೆಗಾಲಕ್ಕೆ ಬಿಟ್ಟುಬಿಡಿ. ಡೈಮೆಥಿಕೋನ್ ಅನ್ನುವ ಸಿಲಿಕೋನ್ ಮೇಲಿನ ಸಾಲಲ್ಲೇ ಇದ್ದರೆ ತೆಳು ಎಳೆಗೆ ಯಾವ ಕಾಲಕ್ಕೂ ಭಾರವೇ.

ಹೆಬ್ರಿ ಅಮ್ಮ

ನೀವೆಲ್ಲ ಬಾಟಲಿ ಬಾಟಲಿ ಅಂತೀರಿ. ನಮ್ಮ ಮನೆಯಲ್ಲಿ ದಾಸವಾಳದ ಎಲೆಯ ಗೊಂಪಿನಲ್ಲಿ ತಲೆಗೆ ಮೀಯುವುದು ಈಗಲೂ ಉಂಟು. ಎಲೆಯನ್ನು ನೀರಿನಲ್ಲಿ ಕಿವುಚಿದರೆ ಲೋಳೆ ಬರುತ್ತದೆ, ಬಟ್ಟೆಯಲ್ಲಿ ಸೋಸಿ ಹಚ್ಚಿದರೆ ಆಯಿತು. ಕೂದಲು ಹಗುರ ಆಗುತ್ತದೆ, ಸಿಕ್ಕು ಬಿಡುತ್ತದೆ. ಗಂಜಿ ತಿಳಿ ಹಚ್ಚುವುದೂ ಉಂಟು. ನನ್ನ ಅತ್ತೆಯ ಕೂದಲು ಸಹ ಇವಳದ್ದರ ಹಾಗೆ ನಯ, ತಿಳಿ ಹಚ್ಚಿ ತೊಳೆದರೆ ಸೂಡಿ (ತುರುಬು) ಗಟ್ಟಿ ನಿಲ್ಲುತ್ತಿತ್ತು. ಎಣ್ಣೆ ಬಿಟ್ಟರೆ ಕೂದಲು ಬದುಕುವುದೇ ಇಲ್ಲ ಅಂತ ನಮ್ಮ ನಂಬಿಕೆ. ಈಗಿನ ಮಕ್ಕಳು ಎಣ್ಣೆ ಅಂದರೆ ಓಡುತ್ತಾರೆ.

ಮಣಿಪಾಲ ಕೆಮಿಸ್ಟ್ರಿ

ಅಮ್ಮಾ, ನೀವು ಹೇಳಿದ ತಿಳಿಯೂ ಥಿಕನಿಂಗೇ. ಅನ್ನದ ಪಿಷ್ಟ ಎಳೆಯ ಮೇಲೆ ಪೊರೆ ಕಟ್ಟುತ್ತದೆ, ಅದಕ್ಕೇ ಸೂಡಿ ಗಟ್ಟಿ ನಿಂತದ್ದು. ಒಂದು ಎಚ್ಚರಿಕೆ ಹೇಳುತ್ತೇನೆ. ಕುಚ್ಚಲಕ್ಕಿಯ ದಪ್ಪ ಗಂಜಿ ತಿಳಿಯನ್ನು ಹಾಗೇ ಹಚ್ಚಿದರೆ ಒಣಗಿದ ಮೇಲೆ ಬಿಳಿ ಪುಡಿ ಉದುರುತ್ತದೆ, ನೋಡಿದವರು ಹೊಟ್ಟು ಅಂದುಕೊಳ್ಳುತ್ತಾರೆ. ನೀರು ಬೆರೆಸಿ ತೆಳು ಮಾಡಿ, ಹಚ್ಚಿ ಐದು ಹತ್ತು ನಿಮಿಷ ಬಿಟ್ಟು, ಪೂರ್ತಿ ತೊಳೆಯಬೇಕು. ಹುಳಿ ಬಂದ ತಿಳಿ ನೆತ್ತಿಗೆ ಬೇಡ.

ತೆಂಗಿನೆಣ್ಣೆ ವಿಷಯದಲ್ಲಿ ನೀವು ಹೇಳಿದ್ದಕ್ಕೆ ಪ್ರಯೋಗದ ಆಧಾರವೂ ಉಂಟು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿ ಲಾರಿಕ್ ಆಮ್ಲ ಜಾಸ್ತಿ, ಅಣು ಸಣ್ಣದು, ನೆಟ್ಟಗಿನ ಸರಪಳಿ, ಹಾಗಾಗಿ ಎಳೆಯ ಒಳಗೆ ಇಳಿಯುತ್ತದೆ. ಆದರೆ ತೆಳು ಎಳೆಯವರು ಮೀಯುವುದಕ್ಕೆ ಮೊದಲು, ಸ್ವಲ್ಪವೇ, ತುದಿಯ ಕಡೆಗೆ ಹಚ್ಚಿ ತೊಳೆದುಬಿಡಬೇಕು. ಮಿಂದ ಮೇಲೆ ಮತ್ತೆ ಎಣ್ಣೆ ಹಚ್ಚಿ ಜಡೆ ಹಾಕಿದರೆ ವಾಲ್ಯೂಮ್ ಶಾಂಪೂವಿಗೆ ಕೊಟ್ಟ ದುಡ್ಡು ಹೊಳೆಗೆ ಹೋಯಿತು ಅಂತಲೇ ಲೆಕ್ಕ. ನೆತ್ತಿಯಲ್ಲಿ ಹೊಟ್ಟು ಇದ್ದವರಿಗಂತೂ ಇಡೀ ರಾತ್ರಿ ಎಣ್ಣೆ ಬೇಡ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಫಂಗಸ್‌ಗೆ ಜಿಡ್ಡೇ ಊಟ.

ಕೆಎ 19 ಸವಾರ

ಗಂಡಸರೂ ಕೇಳಬಹುದಲ್ವಾ? ದಿನಾ ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬೈಕ್. ಹೆಲ್ಮೆಟ್ ತೆಗೆದರೆ ತಲೆ ಚಪ್ಪಟೆ. ಎಳೆ ಮೊದಲಿನಿಂದಲೂ ತೆಳು, ಅದು ಮನೆತನದ್ದು. ಆದರೆ ಈಚೆಗೆ ನೆತ್ತಿಯ ಹಿಂದೆ ಗುಂಡಗೆ ಚರ್ಮ ಕಾಣುತ್ತಿದೆ, ಹಣೆಯ ಎರಡೂ ಮೂಲೆ ಹಿಂದೆ ಹೋಗಿದೆ. ವಾಲ್ಯೂಮೈಸಿಂಗ್ ಹಾಕಿದರೆ ಮುಚ್ಚುತ್ತದಾ? ಗೆಳೆಯ ಒಬ್ಬ ಬಯೋಟಿನ್ ಮಾತ್ರೆ ತಗೋ ಅಂತಿದ್ದಾನೆ.

ಬಿಜೈ ಪಾರ್ಲರ್ ಅಕ್ಕ

ಅಣ್ಣಾ, ನಿಮ್ಮದು ಬಾಟಲಿ ಆರಿಸುವ ವಿಷಯ ಅಲ್ಲ. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಹೆಲ್ಮೆಟ್ ಮಾತ್ರ ಬಿಡಬೇಡಿ. ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿ, ಕೂದಲು ಪೂರ್ತಿ ಒಣಗಿದ ಮೇಲೆ ಹಾಕಿ. ಒದ್ದೆ ತಲೆಗೆ ಹಾಕಿದರೆ ಆ ಚಪ್ಪಟೆ ಆಕಾರದಲ್ಲೇ ಒಣಗುತ್ತದೆ.

ಔಷಧಿ ಅಂಗಡಿ, ಕುಂದಾಪುರ

ಸವಾರರಿಗೆ ನನ್ನ ಮಾತು. ಬಯೋಟಿನ್ ಅಂದರೆ ಒಂದು ಬಿ ವಿಟಮಿನ್, ಅದರ ಕೊರತೆ ಇದ್ದವರಿಗೆ ಬಯೋಟಿನ್ ಮಾತ್ರೆ ಬೇಕು, ಸರಿಯಾಗಿ ಊಟ ಮಾಡುವವರಲ್ಲಿ ಆ ಕೊರತೆ ಅಪರೂಪ. ಇನ್ನೊಂದು ಮುಖ್ಯ ವಿಷಯ ಉಂಟು. ಜಾಸ್ತಿ ಬಯೋಟಿನ್ ತಗೊಂಡರೆ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶ ತಪ್ಪು ಬರುತ್ತದೆ. ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಮಾಡುವ ಟ್ರೋಪೊನಿನ್ ಪರೀಕ್ಷೆ ಇವೆಲ್ಲ ಅದರಲ್ಲಿ ಬರುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಡಾಕ್ಟರಿಗೆ ಹೇಳಿ.

ನೀವು ಹೇಳಿದ ಜಾಗಗಳು ಗಂಡಸರಲ್ಲಿ ವಂಶದಿಂದ ಬರುವ ಕೂದಲು ಉದುರುವಿಕೆಯ ಜಾಗಗಳೇ. ಅದಕ್ಕೆ ಮಿನಾಕ್ಸಿಡಿಲ್ ಅಂತ ಹಚ್ಚುವ ಔಷಧಿ ಉಂಟು, 2 ಮತ್ತು 5 ಪರ್ಸೆಂಟಿನದ್ದು. ಮೊದಲು ರಕ್ತದೊತ್ತಡದ ಮಾತ್ರೆಯಾಗಿ ಬಂದದ್ದು, ತಗೊಂಡವರಿಗೆ ಕೂದಲು ಬೆಳೆಯುವುದು ಕಂಡು ಆಮೇಲೆ ತಲೆಗೆ ಹಚ್ಚುವ ಹಾಗೆ ಮಾಡಿದರು. ಫಲ ಕಾಣಲು ನಾಲ್ಕಾರು ತಿಂಗಳು ಬೇಕು. ಶುರುವಿನಲ್ಲಿ ಕೆಲವರಿಗೆ ಇನ್ನೂ ಜಾಸ್ತಿ ಉದುರುತ್ತದೆ, ಅಲ್ಲಿಗೇ ಹೆದರಿ ಬಿಡುತ್ತಾರೆ. ನಿಲ್ಲಿಸಿದರೆ ಸಿಕ್ಕಿದ್ದು ಮತ್ತೆ ಹೋಗುತ್ತದೆ. ಗರ್ಭಿಣಿಯರಿಗೆ, ಹಾಲು ಕುಡಿಸುವವರಿಗೆ ಇದು ಬೇಡ. ನಮ್ಮ ಅಂಗಡಿಗೆ ಬಂದು ನೇರ ಕೇಳುವವರಿಗೂ ನಾನು ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಅಂತಲೇ ಹೇಳುವುದು.

ಮೂಡುಬಿದಿರೆ ತಾಯಿ

ನನಗೂ ಹೇಳಿ. ಮಗುವಿಗೆ ಈಗ ನಾಲ್ಕು ತಿಂಗಳು. ಬಾಣಂತನದಲ್ಲಿ ಎಣ್ಣೆ ನೀರು ಎಲ್ಲ ಸರಿಯಾಗಿ ಆಗಿತ್ತು, ಆದರೂ ಈಗ ಬಚ್ಚಲಿನಲ್ಲಿ ಮುಷ್ಟಿ ಮುಷ್ಟಿ ಕೂದಲು. ಮೊದಲೇ ತೆಳು ಎಳೆ. ಥಿಕನಿಂಗ್ ಶಾಂಪೂ ತರಿಸಿಕೊಂಡೆ, ಉದುರುವುದು ಒಂಚೂರೂ ನಿಂತಿಲ್ಲ. ತುಂಬಾ ಭಯ ಆಗುತ್ತಿದೆ.

ಔಷಧಿ ಅಂಗಡಿ, ಕುಂದಾಪುರ

ಭಯ ಪಡಬೇಡಿ ತಂಗಿ. ಬಸುರಿಯಾಗಿದ್ದಾಗ ಹಾರ್ಮೋನಿನಿಂದ ಉದುರಬೇಕಾದ ಕೂದಲು ಉದುರದೆ ನಿಂತಿರುತ್ತದೆ. ಹೆರಿಗೆಯಾಗಿ ಕೆಲವು ತಿಂಗಳಲ್ಲಿ ಅದೆಲ್ಲ ಒಟ್ಟಿಗೆ ಬೀಳುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಜಾಸ್ತಿ ಇರುವುದು ಮಾಮೂಲು. ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರಿಗೆ ಮೊದಲಿನ ಹಾಗೆ ಆಗುತ್ತದೆ. ಶಾಂಪೂ ಅದನ್ನು ನಿಲ್ಲಿಸಲಾರದು, ಅದು ಶಾಂಪೂವಿನ ಕೆಲಸವೂ ಅಲ್ಲ. ದೊಡ್ಡ ಜ್ವರ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇವುಗಳ ನಂತರವೂ ಎರಡು ಮೂರು ತಿಂಗಳು ಕಳೆದು ಹೀಗೇ ಉದುರುತ್ತದೆ.

ಆದರೂ ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ಒಮ್ಮೆ ನೋಡಿಸಿ. ಹೆರಿಗೆಯ ನಂತರ ಕಬ್ಬಿಣದ ಅಂಶ ಕಡಿಮೆ ಇರುವವರು ನಮ್ಮಲ್ಲಿ ತುಂಬಾ ಜನ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಎಲ್ಲರಿಗೂ ಉಂಟು. ವರ್ಷ ಕಳೆದರೂ ನಿಲ್ಲದಿದ್ದರೆ, ಅಥವಾ ಬೈತಲೆ ಮುಂದಿನಿಂದ ಅಗಲ ಆಗುತ್ತಾ ಹೋದರೆ, ಡಾಕ್ಟರ್ ನೋಡಲೇಬೇಕು.

ಬಿಜೈ ಪಾರ್ಲರ್ ಅಕ್ಕ

ಸದ್ಯಕ್ಕೆ ಬಿಗಿಯಾಗಿ ಜುಟ್ಟು ಎಳೆದು ಕಟ್ಟಬೇಡಿ ತಂಗಿ. ಎಳೆತಕ್ಕೇ ಹಣೆಯಂಚಿನ ಕೂದಲು ಹೋಗುತ್ತದೆ. ಸಾಧ್ಯವಾದರೆ ಭುಜದ ತನಕ ಕತ್ತರಿಸಿಕೊಳ್ಳಿ, ಮಗುವಿನ ಕೈಗೂ ಸಿಗುವುದಿಲ್ಲ.

ಕಟ್ಟಿಂಗ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ತೆಳು ಎಳೆಗೆ ಎಲ್ಲ ಬಾಟಲಿಗಿಂತ ಅದೇ ಮೇಲು. ತುದಿಯನ್ನು ಒಂದೇ ಸಮ ಕತ್ತರಿಸುವ ಬ್ಲಂಟ್ ಕಟ್ ಹಾಕಿಸಿದರೆ ಕೂದಲು ಕೆಳಗೆ ತುಂಬಿದ ಹಾಗೆ ಕಾಣುತ್ತದೆ. ತುಂಬಾ ಲೇಯರ್ ಹಾಕಿಸಿದರೆ ಇದ್ದದ್ದೂ ಹಂಚಿ ಹೋಗಿ ತುದಿ ಇಲಿ ಬಾಲ ಆಗುತ್ತದೆ. ಸೊಂಟದ ತನಕ ಬಿಟ್ಟರೆ ಆ ಭಾರಕ್ಕೇ ಬುಡ ಕೂರುತ್ತದೆ. ಸ್ಮೂಥನಿಂಗ್, ಕೆರಾಟಿನ್ ಟ್ರೀಟ್‌ಮೆಂಟ್ ಅಂತ ಕೇಳಿಕೊಂಡು ಬರುವ ತೆಳು ಕೂದಲಿನವರನ್ನು ನಾನು ಹಾಗೇ ಕಳಿಸುತ್ತೇನೆ, ವ್ಯಾಪಾರ ಹೋದರೂ ಸರಿ. ಅದು ಇರುವ ಉಬ್ಬನ್ನೂ ಚಪ್ಪಟೆ ಮಾಡುತ್ತದೆ, ಬಿಸಿ ಇಸ್ತ್ರಿಗೆ ಎಳೆ ಸುಡುತ್ತದೆ. ಬೈತಲೆಯನ್ನು ಆಗಾಗ ಆಚೀಚೆ ಬದಲಾಯಿಸಿ, ಒಂದೇ ಕಡೆ ವರ್ಷಗಟ್ಟಲೆ ತೆಗೆದರೆ ಬುಡ ಆ ಕಡೆಗೇ ಮಲಗಿಬಿಡುತ್ತದೆ.

ಮಲ್ಪೆ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದಾರದ ಪಕ್ಕ ಇಟ್ಟು ನೋಡಿದೆ, ತೆಳು ಅಂದರೆ ತೆಳು. ಬೈತಲೆ ಸರಿ ಉಂಟು. ವಾಲ್ಯೂಮೈಸಿಂಗ್ ಶಾಂಪೂ ಸಣ್ಣ ಬಾಟಲಿ ತಂದೆ, ಗ್ಲಿಸರಿನ್ ಕೊನೆಯಲ್ಲಿ ಉಂಟು. ಇನ್ನೆರಡು ವಿಷಯ. ನಮ್ಮದು ಬಾವಿ ನೀರು, ಸಮುದ್ರ ಹತ್ತಿರ, ಏಪ್ರಿಲ್ ಮೇ ತಿಂಗಳಲ್ಲಿ ಉಪ್ಪು ಬರುತ್ತದೆ. ಅದರಿಂದ ತೊಂದರೆ ಉಂಟಾ? ಮತ್ತೆ ಮದುವೆ ದಿನದ ಮಲ್ಲಿಗೆ.

ಮಣಿಪಾಲ ಕೆಮಿಸ್ಟ್ರಿ

ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿ ನೀರು ಸಾಮಾನ್ಯವಾಗಿ ಮೃದು, ಶಾಂಪೂ ನೊರೆ ಚೆನ್ನಾಗಿ ಬರುತ್ತದೆ, ಹಾಗಾಗಿ ಸ್ವಲ್ಪವೇ ಸಾಕು, ತೊಳೆಯುವುದು ಮಾತ್ರ ಜಾಸ್ತಿ. ಉಪ್ಪು ಬರುವ ತಿಂಗಳಲ್ಲಿ ಕೊನೆಯ ಎರಡು ತಂಬಿಗೆಗೆ ನಳ್ಳಿ ನೀರು ಅಥವಾ ಬೇರೆ ಒಳ್ಳೆ ನೀರು ಹಾಕಿ. ಬಕೆಟ್ ಬದಿಯಲ್ಲಿ ಕೆಂಪು ಕಲೆ ಕೂರುತ್ತಿದ್ದರೆ ನೀರಿನಲ್ಲಿ ಕಬ್ಬಿಣ ಉಂಟು ಅಂತ ಅರ್ಥ, ಅದು ಕೂದಲಿನ ಮೇಲೂ ಕೂತು ಒರಟು ಮಾಡುತ್ತದೆ.

ಬಿಜೈ ಪಾರ್ಲರ್ ಅಕ್ಕ

ಮಲ್ಲಿಗೆ ನನಗೆ ಬಿಡಿ.

ನಮ್ಮ ಶಂಕರಪುರ ಮಲ್ಲಿಗೆಯ ಒಂದು ಚೆಂಡಿನಲ್ಲಿ ಸುಮಾರು 800 ಹೂ ಇರುತ್ತದೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನ ಅಟ್ಟೆಗಟ್ಟಲೆ ಮುಡಿಸಲು ನೋಡುತ್ತಾರೆ. ತೆಳು ಎಳೆಗೆ ಅಷ್ಟು ಭಾರ ಆಗದು, ನೀವು ಮದುಮಗಳ ತಂಗಿ, ಒಂದು ಚೆಂಡು ಚಂದವಾಗಿ ಸಾಕು. ಹೂ ಜಾರುವುದು ಕೂದಲು ಕಡಿಮೆ ಅಂತ ಅಲ್ಲ, ನಯ ಅಂತ. ಹಾಗಾಗಿ ಆ ದಿನ ಬೆಳಿಗ್ಗೆ ಮೀಯಬೇಡಿ, ಹಿಂದಿನ ದಿನ ಮಿಂದುಬಿಡಿ. ಕಂಡೀಷನರ್ ತುದಿಗೂ ಸ್ವಲ್ಪವೇ. ಒದ್ದೆ ಇರುವಾಗ ಬುಡಕ್ಕೆ ಮೂಸ್ (ಕೂದಲಿಗೆ ಹಚ್ಚುವ ನೊರೆ) ಹಚ್ಚಿ, ತಲೆ ಬಗ್ಗಿಸಿ ಒಣಗಿಸಿ, ಕೊನೆಗೆ ಡ್ರೈಯರಿನ ತಣ್ಣನೆ ಗಾಳಿ ಬಿಡಿ. ಡಿಸೆಂಬರ್ ಆದ ಕಾರಣ ಥಿಕನಿಂಗ್ ಲೋಷನ್ ಕೂಡ ಹಚ್ಚಬಹುದು, ಬುಡ ಬಿಟ್ಟು ನಡುಭಾಗಕ್ಕೆ. ಅದು ಎಳೆಗೆ ಸ್ವಲ್ಪ ಹಿಡಿತ ಕೊಡುತ್ತದೆ, ಪಿನ್ನು ಕೂರುತ್ತದೆ.

ಮುಡಿಯುವ ಜಾಗದಲ್ಲಿ ಒಳಗಿನ ಕೂದಲನ್ನು ಮಾತ್ರ ಹಿಂದಕ್ಕೆ ಬಾಚಿ ಸ್ವಲ್ಪ ಒರಟು ಮಾಡಿ, ಮೇಲಿನ ಪದರವನ್ನು ಅದರ ಮೇಲೆ ನಯವಾಗಿ ಹರಡಿ. ಎರಡು ಪಿನ್ನನ್ನು ಒಂದಕ್ಕೊಂದು ಅಡ್ಡ ಚುಚ್ಚಿ ಮೊದಲು ಗಟ್ಟಿ ಮಾಡಿಕೊಳ್ಳಿ. ಹೂವಿನ ನಾರನ್ನು ಆ ಪಿನ್ನಿನೊಳಗೆ ಹಾಯಿಸಿ ಕಟ್ಟಬೇಕು, ಕೂದಲಿಗೆ ಸಿಕ್ಕಿಸಬಾರದು. ರಾತ್ರಿ ಬಿಚ್ಚುವಾಗ ಒರಟು ಮಾಡಿದ್ದನ್ನು ತುದಿಯಿಂದ ಶುರುಮಾಡಿ ನಿಧಾನಕ್ಕೆ ಬಿಡಿಸಿ, ಬುಡದಿಂದ ಬಾಚಣಿಗೆ ಎಳೆದರೆ ತುಂಡಾಗುತ್ತದೆ.

ಹೆಬ್ರಿ ಅಮ್ಮ

ಇದು ಒಳ್ಳೆಯದಾಯಿತು. ಬಿಚ್ಚುವ ಮೊದಲು ತುದಿಗೆ ಎರಡು ಹನಿ ತೆಂಗಿನೆಣ್ಣೆ ಹಚ್ಚು ಮಗಳೇ, ಸಿಕ್ಕು ಬೇಗ ಬಿಡುತ್ತದೆ. ಮರುದಿನ ಹೇಗೂ ತಲೆಗೆ ಮೀಯುತ್ತೀಯಲ್ಲ.

ಮಲ್ಪೆ ಹುಡುಗಿ

ಆಗಲಿ ಅಮ್ಮ, ಹಾಗೇ ಮಾಡುತ್ತೇನೆ. ಅಕ್ಕ, ನವೆಂಬರ್ ಕೊನೆಗೆ ಬಿಜೈಗೆ ಬರುತ್ತೇನೆ, ಬ್ಲಂಟ್ ಕಟ್ ಆಗಲೇ ಹಾಕಿಸುವುದಾ, ಮದುವೆ ಕಳೆದ ಮೇಲಾ?

ಬಿಜೈ ಪಾರ್ಲರ್ ಅಕ್ಕ

ಮೊದಲೇ ಹಾಕಿಸಿ, ಆದರೆ ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ ಇರಲಿ. ಅದಕ್ಕಿಂತ ಗಿಡ್ಡ ಆದರೆ ಹೂ ಕಟ್ಟಲು ಜಡೆ ಸಿಗುವುದಿಲ್ಲ. ಬರುವಾಗ ಆ ಶಾಂಪೂ ಬಾಟಲಿ ತನ್ನಿ, ಹಿಂದಿನ ಪಟ್ಟಿ ಒಟ್ಟಿಗೆ ಓದುವ.